ಕಾರ್ಖಾನೆಯ ಬೆಳಕಿನ ಲೆಕ್ಕ



ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಹಳೆಯ ಷೆಡ್ಡೊಂದಕ್ಕೆ ನಡುಹಗಲಿನಲ್ಲಿ ಕಾಲಿಟ್ಟರೆ ಒಂದು ಕ್ಷಣ ಕಣ್ಣು ಕತ್ತಲೆಗಟ್ಟುತ್ತದೆ. ಒಳಗೆ ಸಾಲುದೀಪಗಳು ಉರಿಯುತ್ತಲೇ ಇರುತ್ತವೆ, ಆದರೂ ಕತ್ತಲೆ. ನಿಮ್ಮಲ್ಲಿ ಕೆಲವರು ಐಟಿಐ ಅಥವಾ ಪಾಲಿಟೆಕ್ನಿಕ್ ಮುಗಿಸಿ ಇಂಥ ಷೆಡ್ಡುಗಳಿಗೇ ಅಪ್ರೆಂಟಿಸ್ ಆಗಿ ಹೋಗುವವರು. ಅಲ್ಲಿನ ದೀಪಗಳನ್ನು ಬದಲಾಯಿಸುವ ಮಾತು ಬಂದಾಗ ಏನನ್ನು ಲೆಕ್ಕಕ್ಕೆ ಹಿಡಿಯಬೇಕು ಎಂಬುದನ್ನು ಇಂದು ನೋಡೋಣ.

ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿಗಳಲ್ಲಿ ದೀಪ ಹೊತ್ತಿದ್ದು 1905ರಲ್ಲಿ. ಇಷ್ಟು ಕಾಲವಾದರೂ ನಾವು ದೀಪ ಕೊಳ್ಳುವಾಗ ಮೊದಲು ಕೇಳುವುದು ‘ಎಷ್ಟು ವಾಟ್?’ ಎಂದೇ. ವಾಟ್ ಎಂಬುದು ದೀಪ ತಿನ್ನುವ ವಿದ್ಯುತ್ತಿನ ಅಳತೆ, ಕೊಡುವ ಬೆಳಕಿನದಲ್ಲ. ದೀಪ ಹೊರಸೂಸುವ ಬೆಳಕನ್ನು ಲ್ಯೂಮೆನ್‌ನಲ್ಲಿ ಅಳೆಯುತ್ತಾರೆ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಲ್ಯೂಮೆನ್ ಬಿದ್ದರೆ ಅದು ಒಂದು ಲಕ್ಸ್. ಕೆಲಸಗಾರನ ಕೈಯಲ್ಲಿರುವ ವರ್ನಿಯರ್ ಕ್ಯಾಲಿಪರಿನ ಗೀಟುಗಳು ಕಾಣಬೇಕಾದರೆ ಅವನ ಮೇಜಿನ ಮೇಲೆ ಬೀಳುವ ಲಕ್ಸ್ ಮುಖ್ಯ. ಸಾಧಾರಣ ನಾಜೂಕಿನ ಯಂತ್ರಗೆಲಸಕ್ಕೆ 300ರಿಂದ 750 ಲಕ್ಸ್ ಬೇಕೆಂದು ಭಾರತೀಯ ಮಾನಕ ಐಎಸ್ 3646 ಹೇಳಿದೆ. ಕೆಲಸ ಸೂಕ್ಷ್ಮವಾದಷ್ಟೂ ಬೇಕಾಗುವ ಬೆಳಕು ಹೆಚ್ಚು. ಬಯಲಿನ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್. ಅದರಿಂದ ಒಳಗೆ ಬಂದ ಕಣ್ಣು ತಡವರಿಸುವುದರಲ್ಲಿ ಆಶ್ಚರ್ಯವಿಲ್ಲ.

ಈಗ ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ಷೆಡ್ಡಿನಲ್ಲಿ 40 ವಾಟಿನ 40 ಹಳೆಯ ಟ್ಯೂಬ್‌ಲೈಟುಗಳಿವೆ ಎನ್ನಿ. ತಾಮ್ರದ ಸುರುಳಿಯ ಚೋಕ್ ತಾನೇ ಹದಿನೈದು ವಾಟಿನಷ್ಟು ನುಂಗುವುದರಿಂದ ಒಂದೊಂದು ದೀಪದ ಖರ್ಚು ಸುಮಾರು 55 ವಾಟ್. ಒಟ್ಟು 2,200 ವಾಟ್. ಇವುಗಳ ಬದಲು 20 ವಾಟಿನ ಎಲ್‌ಇಡಿ ಪಟ್ಟಿಗಳನ್ನು ಹಾಕಿದರೆ 800 ವಾಟ್ ಸಾಕು. ದಿನಕ್ಕೆ ಎರಡು ಪಾಳಿ, ಅಂದರೆ 16 ಗಂಟೆ, ವರ್ಷಕ್ಕೆ 300 ದಿನ ಎಂದಿಟ್ಟುಕೊಂಡರೆ 6,720 ಯೂನಿಟ್ ಉಳಿತಾಯ. ಸಾಮಾನ್ಯವಾಗಿ ಲೆಕ್ಕ ಇಲ್ಲಿಗೇ ನಿಲ್ಲುತ್ತದೆ. ಆದರೆ ದೊಡ್ಡ ಭಾಗ ಇದರಾಚೆಗಿದೆ.

ಬೆಂಗಳೂರಿನ ಸುತ್ತಮುತ್ತಲಿನ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ಫ್ಲೋರೆಸೆಂಟ್ ದೀಪಗಳ ಜಾಗಕ್ಕೆ ಎಲ್‌ಇಡಿ ಬಂದಾಗ ಏನಾಯಿತೆಂದು ಅಚ್ಯುತ ಅಧ್ವರ್ಯು, ನಮ್ರತಾ ಕಲಾ ಮತ್ತು ಅನಂತ್ ನ್ಯಷಧಂ ಎಂಬ ಮೂವರು ಅರ್ಥಶಾಸ್ತ್ರಜ್ಞರು ಅಧ್ಯಯನ ಮಾಡಿದರು. ಅವರ ಲೇಖನ 2020ರಲ್ಲಿ ಪ್ರಕಟವಾಯಿತು. ಪ್ರತಿದಿನ ಒಂದೊಂದು ಹೊಲಿಗೆ ಸಾಲು ಎಷ್ಟು ಕೆಲಸ ಮುಗಿಸಿತೆಂಬ ಅಂಕಿಗಳನ್ನು ಅವರು ಆಯಾ ದಿನದ ಹವೆಯೊಂದಿಗೆ ಹೋಲಿಸಿದರು. ಸೆಕೆ ಏರಿದಂತೆ ಕೆಲಸ ಕುಗ್ಗುತ್ತಿತ್ತು; ಎಲ್‌ಇಡಿ ಬಂದ ಮೇಲೆ ಸೆಕೆಯ ದಿನಗಳಲ್ಲಿ ಉತ್ಪಾದನೆ ಸುಧಾರಿಸಿತು. ಕಾರಣ ನಿಮ್ಮ ಭೌತಶಾಸ್ತ್ರದ ಪುಸ್ತಕದಲ್ಲೇ ಇದೆ: ದೀಪ ತಿನ್ನುವ ವಿದ್ಯುತ್ತೆಲ್ಲ ಕೊನೆಗೆ ಆ ಕೋಣೆಯೊಳಗೇ ಶಾಖವಾಗುತ್ತದೆ. ನಮ್ಮ ಲೆಕ್ಕದ ಷೆಡ್ಡಿನಲ್ಲಿ ಉಳಿದ 1,400 ವಾಟ್ ಎಂದರೆ ಹಗಲಿಡೀ ಉರಿಯುತ್ತಿದ್ದ ಒಂದು ವಿದ್ಯುತ್ ಒಲೆಯನ್ನು ಆರಿಸಿದಂತೆ.

ಆ ಅಧ್ಯಯನದ ಪ್ರಕಾರ ಸರಾಸರಿ ಒಂದು ಕಾರ್ಖಾನೆಗೆ ವಿದ್ಯುತ್ತಿನಲ್ಲಿ ಉಳಿದದ್ದು ಸುಮಾರು 2,880 ಡಾಲರ್, ಹೆಚ್ಚಿದ ಉತ್ಪಾದನೆಯಿಂದ ಬಂದದ್ದು ಸುಮಾರು 7,500 ಡಾಲರ್. ಎರಡನ್ನೂ ಸೇರಿಸಿ ನೋಡಿದರೆ ಹಾಕಿದ ಹಣ ಹೆಚ್ಚುಕಡಿಮೆ ಮೂರನೆಯ ಒಂದು ಭಾಗದಷ್ಟು ಸಮಯದಲ್ಲೇ ಹಿಂದಕ್ಕೆ ಬರುತ್ತದೆ. ಇದು ಮಾಲೀಕರ ಲೆಕ್ಕ. ಉಡುಪಿನ ಕಾರ್ಖಾನೆಗಳಲ್ಲಿ ಹೊಲಿಯುವವರು ಬಹುಪಾಲು ಹೆಣ್ಣುಮಕ್ಕಳು. ದೀಪ ಬದಲಾದ ಮರುದಿನವೇ ಗಂಟೆಯ ಟಾರ್ಗೆಟ್ ಏರಿದರೆ ಅವರಿಗೆ ದಕ್ಕಿದ ತಂಪು ಎಷ್ಟು ಹೊತ್ತಿನದು? ಈ ಪ್ರಶ್ನೆಯನ್ನೂ ಲೆಕ್ಕದ ಪುಸ್ತಕದಲ್ಲಿ ಬರೆದಿಡಬೇಕು ಎನ್ನುವುದು ನನ್ನ ಅಭಿಪ್ರಾಯ.

ಲೇತ್ ಯಂತ್ರದ ಮುಂದೆ ನಿಲ್ಲುವವರಿಗೆ ಇನ್ನೊಂದು ಅಪಾಯವಿದೆ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತದ್ದು. ಸಾಮಾನ್ಯ ಚೋಕಿನ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಂಕಾಗಿ ಬೆಳಗುತ್ತದೆ. ಕೆಲಸದ ತುಂಡನ್ನು ಹಿಡಿಯುವ ಮೂರು ಹಿಡಿಕೆಯ ಚಕ್ ನಿಮಿಷಕ್ಕೆ 2,000 ಸುತ್ತು ತಿರುಗುತ್ತಿದ್ದರೆ, ಪ್ರತಿ ಮಿನುಗಿಗೂ ಅದು ಸರಿಯಾಗಿ ಮೂರನೆಯ ಒಂದು ಸುತ್ತು ಸರಿದಿರುತ್ತದೆ. ಒಂದು ಹಿಡಿಕೆ ಇದ್ದ ಜಾಗದಲ್ಲಿ ಇನ್ನೊಂದು ಬಂದು ನಿಂತಿರುತ್ತದೆ. ಕಣ್ಣಿಗೆ ಚಕ್ ನಿಂತೇ ಇದೆಯೇನೋ ಎನಿಸೀತು, ಕೈ ಮುಂದಕ್ಕೆ ಹೋದೀತು. ಇದಕ್ಕಾಗಿಯೇ ಅನುಭವಸ್ಥ ಎಲೆಕ್ಟ್ರಿಷಿಯನ್ನರು ಅಕ್ಕಪಕ್ಕದ ದೀಪಗಳನ್ನು ಬೇರೆಬೇರೆ ಫೇಸಿಗೆ ಜೋಡಿಸುತ್ತಿದ್ದರು: ಒಂದು ಮಂಕಾದಾಗ ಇನ್ನೊಂದು ಬೆಳಗುತ್ತಿರಲಿ ಎಂದು. ಎಲ್‌ಇಡಿ ಬಂದಮಾತ್ರಕ್ಕೆ ಈ ಅಪಾಯ ಹೋಗುವುದಿಲ್ಲ. ಅಗ್ಗದ ಡ್ರೈವರ್ ಇದ್ದರೆ ಅದೂ ಮಿನುಗುತ್ತದೆ. ನೀವೇ ಪರೀಕ್ಷಿಸಬಹುದು. ದೀಪದ ಕೆಳಗೆ ಪೆನ್ಸಿಲೊಂದನ್ನು ಬೀಸಣಿಗೆಯಂತೆ ಬೇಗಬೇಗ ಆಡಿಸಿ. ನಯವಾದ ಮಸುಕು ಕಂಡರೆ ಸರಿ. ಬಿಡಿಬಿಡಿಯಾಗಿ ಹಲವು ಪೆನ್ಸಿಲುಗಳು ಕಂಡರೆ ಆ ದೀಪ ಲೇತಿನ ಮೇಲೆ ತೂಗುವುದಕ್ಕೆ ತಕ್ಕದ್ದಲ್ಲ.

ಹೊಸ ದೀಪ ಕೊಳ್ಳುವ ಮೊದಲು ಚಾವಣಿಯನ್ನೊಮ್ಮೆ ನೋಡಬೇಕು. ಎಷ್ಟೋ ಷೆಡ್ಡುಗಳಲ್ಲಿ ಬೆಳಕಿಗೆಂದೇ ಹಾಕಿದ ಪಾರದರ್ಶಕ ಹಾಳೆಗಳು ಎಣ್ಣೆಯ ಹೊಗೆ, ಧೂಳು ಹಿಡಿದು ಕಪ್ಪಾಗಿರುತ್ತವೆ. ಕಿಟಕಿ ಮತ್ತು ಚಾವಣಿಯ ಗಾಜನ್ನು ಒಳಗೂ ಹೊರಗೂ ಚೊಕ್ಕಟವಾಗಿಡಬೇಕು, ಕಣ್ಣು ಕೋರೈಸದಂತೆ, ಕಣ್ಣಿಗೆ ಆಯಾಸ ತರುವ ನೆರಳು ಬೀಳದಂತೆ ನೋಡಿಕೊಳ್ಳಬೇಕು ಎಂದು 1948ರ ಕಾರ್ಖಾನೆಗಳ ಕಾಯಿದೆಯ 17ನೆಯ ಕಲಮೇ ವಿಧಿಸಿತ್ತು. ಒಂದು ಬಕೆಟ್ ಸೋಪಿನ ನೀರು, ಗೋಡೆಗೆ ಒಂದು ಕೋಟು ಸುಣ್ಣ: ಇವಕ್ಕಿಂತ ಅಗ್ಗದ ಸುಧಾರಣೆ ನನಗೆ ತಿಳಿದಿಲ್ಲ. ಹಾಗೆಯೇ, ಬಿಲ್ಲು ಇಳಿಸಲೆಂದು ಇರುವ ದೀಪಗಳಲ್ಲಿ ಅರ್ಧವನ್ನು ಬಿಚ್ಚಿಡುವ ಜಾಣತನವೂ ಉಂಟು. ಅದನ್ನು ಉಳಿತಾಯವೆಂದು ಕರೆಯಲಾಗದು. ಅಲ್ಲಿ ಉಳಿದ ಹಣವನ್ನು ತೆರುವುದು ಕೆಲಸಗಾರನ ಕಣ್ಣು.

ಬಿಚ್ಚಿದ ಹಳೆಯ ಟ್ಯೂಬುಗಳ ಮಾತೂ ಒಂದಿಷ್ಟಿದೆ. ಪ್ರತಿ ಟ್ಯೂಬಿನಲ್ಲೂ ಕೆಲವು ಮಿಲಿಗ್ರಾಂ ಪಾದರಸವಿರುತ್ತದೆ. 2016ರ ಇ-ತ್ಯಾಜ್ಯ ನಿಯಮಗಳು ಪಾದರಸದ ದೀಪಗಳನ್ನೂ ತಮ್ಮ ವ್ಯಾಪ್ತಿಗೆ ತಂದವು. ಆದ್ದರಿಂದ ಅವನ್ನು ಒಡೆದು ಷೆಡ್ಡಿನ ಹಿಂದಿನ ಚರಂಡಿಗೆ ಎಸೆಯುವಂತಿಲ್ಲ. ಹೊಸ ದೀಪಗಳು ಬಂದ ರಟ್ಟಿನ ಪೆಟ್ಟಿಗೆಗಳಲ್ಲೇ ಹಳೆಯವನ್ನು ಇಡಿಯಾಗಿ ಜೋಡಿಸಿ, ಅಧಿಕೃತ ಸಂಗ್ರಹಕಾರರಿಗೆ ಒಪ್ಪಿಸಿ ರಸೀದಿ ಪಡೆಯಬೇಕು.