ಗೋಡೆಯ ಮೇಲಿನ ಚುಕ್ಕೆ

(ಶಾಲೆಯ ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಅಮೂರ್ತ ಚಿತ್ರಕಲೆಯ ಬಗ್ಗೆ ನಾಲ್ಕು ಮಾತಾಡಲು ನನಗೆ ಹೇಳಿದ್ದಾರೆ. ಮನೆ, ಮರ, ಮನುಷ್ಯ ಯಾವುದೂ ಇಲ್ಲದೆ ಬರೀ ಬಣ್ಣ, ಗೆರೆ, ಆಕಾರಗಳಲ್ಲೇ ಮಾತಾಡುವ ಚಿತ್ರ ಅದು. ಅದರಲ್ಲಿ ಮತ್ತೆ ಮತ್ತೆ ಕಾಣುವ ಆಕಾರ ವೃತ್ತ. ಒಂದು ಗುಂಡು ಬರೆಯುವುದರಲ್ಲಿ ಏನು ದೊಡ್ಡಸ್ತಿಕೆ ಎಂದು ನೀವು ಕೇಳಬಹುದು. ಅದಕ್ಕೆ ಉತ್ತರ ಒಂದು ಹಳ್ಳಿ ಶಾಲೆಯ ಗೋಡೆಯ ಮೇಲಿತ್ತು.

ಸೈಯದ್ ಹೈದರ್ ರಝಾ ಹುಟ್ಟಿದ್ದು 1922ರಲ್ಲಿ, ಮಧ್ಯಪ್ರದೇಶದ ಮಂಡ್ಲಾ ಜಿಲ್ಲೆಯ ಕಾಡಿನ ಸೀಮೆಯಲ್ಲಿ. ತಂದೆ ಅರಣ್ಯ ಇಲಾಖೆಯ ನೌಕರರು. ಹುಡುಗನಿಗೆ ಪಾಠದಲ್ಲಿ ಮನಸ್ಸು ನಿಲ್ಲುತ್ತಿರಲಿಲ್ಲ. ಪ್ರಾಥಮಿಕ ಶಾಲೆಯ ಮೇಷ್ಟ್ರು ನಂದಲಾಲ್ ಝಾರಿಯಾ ಗೋಡೆಯ ಮೇಲೆ ಒಂದು ಚುಕ್ಕೆ ಬರೆದು, ಅದನ್ನೇ ನೋಡುತ್ತಾ ಕೂರುವಂತೆ ಹೇಳಿದರು. ರಝಾ ಇದನ್ನು ಮುಪ್ಪಿನಲ್ಲೂ ನೆನೆಯುತ್ತಿದ್ದರು.

ಆ ಚುಕ್ಕೆ ಕೂಡಲೇ ಫಲ ಕೊಡಲಿಲ್ಲ. ನಾಗಪುರ, ಮುಂಬೈಗಳಲ್ಲಿ ಕಲೆ ಕಲಿತ ರಝಾ 1950ರಲ್ಲಿ ಫ್ರಾನ್ಸ್ ಸರ್ಕಾರದ ವಿದ್ಯಾರ್ಥಿವೇತನ ಪಡೆದು ಪ್ಯಾರಿಸ್ಸಿಗೆ ಹೋದರು. 1956ರಲ್ಲಿ ಅಲ್ಲಿನ ವಿಮರ್ಶಕರ ಪ್ರಶಸ್ತಿಯೂ ಬಂತು. ಆದರೂ ತನ್ನದೇ ಆದದ್ದು ಇನ್ನೂ ಸಿಕ್ಕಿಲ್ಲ ಎಂಬ ಕೊರಗು ಉಳಿಯಿತು. ಸುಮಾರು 1980ರ ಹೊತ್ತಿಗೆ ಆ ಚುಕ್ಕೆ ದೊಡ್ಡ ಕಪ್ಪು ವೃತ್ತವಾಗಿ ಅವರ ಚಿತ್ರಗಳಲ್ಲಿ ನೆಲೆಯೂರಿತು. ಅದನ್ನು 'ಬಿಂದು' ಎಂದು ಕರೆದರು.

ಬಿಂದು ಅವರಿಗೆ ಬರಿಯ ಸೊನ್ನೆಯಲ್ಲ, ಬೀಜ. ಕಪ್ಪು ಎಲ್ಲ ಬಣ್ಣಗಳ ತಾಯಿ. ಸುತ್ತಲಿನ ಚೌಕ, ತ್ರಿಕೋನಗಳು, ಪಂಚಭೂತಗಳನ್ನು ನೆನಪಿಸುವ ಬಣ್ಣಗಳು ಅದರಿಂದಲೇ ಹೊರಟಂತೆ ಕಾಣುತ್ತವೆ. ಕೆಲವು ಚಿತ್ರಗಳಿಗೆ ಮೊಳಕೆ ಎಂಬ ಅರ್ಥದ ಹೆಸರನ್ನೇ ಇಟ್ಟರು. ಬಿತ್ತಿ ಬೆಳೆಯುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ವೃತ್ತಕ್ಕೆ ಎಲ್ಲರೂ ಇದೇ ಅರ್ಥ ಕೊಟ್ಟಿಲ್ಲ. ರಷ್ಯಾದಲ್ಲಿ ಹುಟ್ಟಿದ ಕ್ಯಾಂಡಿನ್‌ಸ್ಕಿ ಜರ್ಮನಿಯ ಬೌಹೌಸ್ ಶಾಲೆಯಲ್ಲಿ ಮೇಷ್ಟ್ರಾಗಿದ್ದಾಗ, 1926ರಲ್ಲಿ, 'ಹಲವು ವೃತ್ತಗಳು' ಎಂಬ ಚಿತ್ರ ಬರೆದರು. ಕತ್ತಲ ಹಿನ್ನೆಲೆಯಲ್ಲಿ ಬಣ್ಣಬಣ್ಣದ ವೃತ್ತಗಳು ಗ್ರಹಗಳ ಹಾಗೆ ತೇಲುತ್ತವೆ. ಅಲ್ಲಿ ನಮ್ಮ ನೋಟ ಆಕಾಶದಗಲ ಹರಡುತ್ತದೆ. ರಝಾರಲ್ಲಿ ಒಂದೆಡೆ ಬಂದು ನಿಲ್ಲುತ್ತದೆ. ಆದ್ದರಿಂದ ಇಂಥ ಚಿತ್ರದ ಮುಂದೆ ನಿಂತಾಗ ಇದು ಏನು ಎಂದು ಕೇಳುವ ಮೊದಲು, ನನ್ನ ಕಣ್ಣು ಎಲ್ಲಿಗೆ ಹೋಗುತ್ತಿದೆ ಎಂದು ಕೇಳಿಕೊಳ್ಳಿ.

ಮೇಷ್ಟ್ರು ಇಟ್ಟ ಚುಕ್ಕೆ ಚಿತ್ರವಾಗಲು ಹತ್ತಿರ ಹತ್ತಿರ ಐವತ್ತು ವರ್ಷ ಹಿಡಿಯಿತು. ಅಂದರೆ ನಮ್ಮ ಶಾಲೆಯ ವಯಸ್ಸು! ಹಾಗಾಗಿ ಗುರುಗಳಲ್ಲಿ, ಪೋಷಕರಲ್ಲಿ ನನ್ನದೊಂದು ಬಿನ್ನಹ. ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂತೆಂದು ಚಿತ್ರಕಲೆಯ ಪೀರಿಯಡ್ಡನ್ನು ಗಣಿತಕ್ಕೆ, ವಿಜ್ಞಾನಕ್ಕೆ ಬಿಟ್ಟುಕೊಡಬೇಡಿ. ಕಿಟಕಿಯಾಚೆ ನೋಡುತ್ತ ಕೂತ ಮಗುವನ್ನು ದಡ್ಡ ಎನ್ನಬೇಡಿ. ಅದಕ್ಕೆ ನೋಡಲು ಏನಾದರೊಂದು ಕೊಡಿ. ಫಲ ಈ ವರ್ಷದ ಫಲಿತಾಂಶದಲ್ಲಿ ಕಾಣದಿರಬಹುದು. ಕೊಟ್ಟದ್ದು ಮಾತ್ರ ಮಗುವಿನೊಳಗೆ ಉಳಿದಿರುತ್ತದೆ.

ರಝಾ 2016ರಲ್ಲಿ ದೆಹಲಿಯಲ್ಲಿ ತೀರಿಕೊಂಡರು. ಅವರ ಇಚ್ಛೆಯಂತೆ ಮಂಡ್ಲಾದಲ್ಲಿ, ತಂದೆಯ ಸಮಾಧಿಯ ಪಕ್ಕದಲ್ಲೇ ಮಣ್ಣು ಮಾಡಿದರು. ಅರುವತ್ತು ವರ್ಷ ಪರದೇಶದಲ್ಲಿದ್ದವರಿಗೂ ಹುಟ್ಟಿದ ಸೀಮೆಯೇ ಕೇಂದ್ರವಾಗಿತ್ತು. ದೂರದೂರುಗಳಿಂದ ಇಂದು ಈ ಅಂಗಳಕ್ಕೆ ಬಂದು ಸೇರಿರುವ ನಮಗೆ ಇದು ಅರ್ಥವಾಗುವ ಮಾತು.