ಡಿಕ್ಕಿಯ ಪೆಟ್ಟು, ಸೀರೆಯ ಜೋಲಿ

ಮಕ್ಕಳೇ, ಕಾಲಿಗೆ ಕಲ್ಲು ತಾಗಿದರೆ ಎಡವಿದೆ ಅನ್ನುತ್ತೇವೆ. ಎತ್ತು ಹಾಯುತ್ತದೆ. ಟಗರುಗಳು ಗುದ್ದಾಡುತ್ತವೆ. ಮಳೆ ಮುಖಕ್ಕೆ ರಾಚುತ್ತದೆ. ಬಸ್ಸು ಡಿಕ್ಕಿ ಹೊಡೆಯುತ್ತದೆ. ಯಾವುದಕ್ಕೆ ಯಾವುದು ಬಡಿಯಿತು ಎಂಬುದನ್ನು ನೋಡಿ ಕನ್ನಡ ಬೇರೆ ಬೇರೆ ಮಾತು ಕೊಡುತ್ತದೆ. ವಿಜ್ಞಾನದ ಪುಸ್ತಕ ಮಾತ್ರ ಎಲ್ಲ ಬಡಿತಗಳನ್ನೂ ಸಂಘಟ್ಟನೆ ಎಂದು ಕರೆಯುತ್ತದೆ. ಬನ್ನಿ, ನಮ್ಮ ಬಾಗಲಕೋಟೆ ಜಿಲ್ಲೆಯಲ್ಲೇ ಅದನ್ನು ನೋಡೋಣ.

ಮೊದಲು ಗೋಲಿ ಆಡೋಣ. ನಿಂತ ಗೋಲಿಗೆ ನಿಮ್ಮ ಗೋಲಿ ನೇರವಾಗಿ ಬಡಿಯಲಿ. ನಿಮ್ಮದು ಅಲ್ಲೇ ನಿಂತಿತು, ನಿಂತದ್ದು ಓಡಿತು! ಒಂದರ ಓಟ ಇನ್ನೊಂದಕ್ಕೆ ಸೇರಿತು. ಈ ಓಟದ ಗಂಟಿಗೆ ಸಂವೇಗ ಎಂದು ಹೆಸರು. ತೂಕ ಹೆಚ್ಚಿದಷ್ಟೂ ವೇಗ ಹೆಚ್ಚಿದಷ್ಟೂ ಗಂಟು ದೊಡ್ಡದು. 1668ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಎಂಬ ವಿಜ್ಞಾನಿಗಳ ಸಂಘ ಕೂಡ, ಎರಡು ವಸ್ತು ಬಡಿದಾಗ ಅವುಗಳ ಓಟ ಏನಾಗುತ್ತದೆ ಎಂಬ ಪ್ರಶ್ನೆ ಹಿಡಿದು ಕೂತಿತ್ತು. ವಾಲಿಸ್, ರೆನ್, ಹೈಗನ್ಸ್ ಎಂಬ ಮೂವರು ದೊಡ್ಡ ಪಂಡಿತರು ಉತ್ತರ ಬರೆದರು.

ಓಡುವ ವಸ್ತು ನಿಲ್ಲಬೇಕಾದರೆ ಈ ಗಂಟನ್ನು ಇಳಿಸಲೇಬೇಕು. ಥಟ್ಟನೆ ಇಳಿಸಿದರೆ ಪೆಟ್ಟು ಜೋರು, ನಿಧಾನವಾಗಿ ಇಳಿಸಿದರೆ ಪೆಟ್ಟು ಮೆತ್ತಗೆ. ಗುಟ್ಟು ಇಷ್ಟೇ.

ಬಾದಾಮಿಯ ಮೂರನೇ ಗುಹೆಗೆ ಹೋದರೆ ಜೋರು ಪೆಟ್ಟಿನ ಕೆಲಸ ಕಾಣುತ್ತದೆ. ಅಲ್ಲಿಯ ಶಾಸನ ಕ್ರಿ.ಶ. 578ರದು. ಗುಹೆಯ ಕಲ್ಲು ಮರಳುಗಲ್ಲು, ಹತ್ತಿರದಿಂದ ನೋಡಿದರೆ ಮರಳಿನ ಕಣಗಳು ಒಂದಕ್ಕೊಂದು ಅಂಟಿಕೊಂಡಿರುವುದು ತಿಳಿಯುತ್ತದೆ. ಉಳಿಯೂ ಗಟ್ಟಿ, ಕಲ್ಲೂ ಗಟ್ಟಿ. ಸುತ್ತಿಗೆಯ ಓಟ ಕಣ್ಣೆವೆ ಮುಚ್ಚುವುದರೊಳಗೆ ನಿಂತು, ಪೆಟ್ಟೆಲ್ಲ ಉಳಿಯ ಚೂಪಾದ ತುದಿಗೇ ಇಳಿಯುತ್ತದೆ. ಕಣದಿಂದ ಕಣ ಬಿಡಿಸಿಕೊಳ್ಳುತ್ತದೆ. ಹೀಗೆ ಉಳಿಪೆಟ್ಟಿನ ಮೇಲೆ ಉಳಿಪೆಟ್ಟು ಬಿದ್ದು ವಿಷ್ಣು ಮೂಡಿದ, ನರಸಿಂಹ ಮೂಡಿದ.

ಇಳಕಲ್ಲಿನ ಮಗ್ಗದ್ದು ಹದವಾದ ಪೆಟ್ಟು. ನೇಕಾರರು ಹಗ್ಗ ಜಗ್ಗುತ್ತಾರೆ, ಲಾಳಿಗೆ ಗುದ್ದು ಬಿದ್ದು ಅದು ಹಾಸಿನ ನಡುವೆ ಸರ್ರನೆ ಓಡುತ್ತದೆ. ಅದು ಬಿಟ್ಟುಹೋದ ಹೊಕ್ಕಿನ ಎಳೆಯನ್ನು ಹಣಿಗೆ ಬಡಿದು ಕೂರಿಸುತ್ತದೆ. ಲಟಕ್, ಪಟಕ್! ಬಡಿತ ಹೆಚ್ಚಾದರೆ ಎಳೆ ಹರಿದೀತು, ಕಡಿಮೆಯಾದರೆ ಬಟ್ಟೆ ಜಾಳಾದೀತು. ನಿಮ್ಮ ಅಜ್ಜಿಯ ಇಳಕಲ್ ಸೀರೆ ಇಂಥ ಸಾವಿರಾರು ಪುಟ್ಟ ಬಡಿತಗಳಿಂದ ಹುಟ್ಟಿದ್ದು.

ಈಗ ನೀವೇ ಒಂದು ಪ್ರಯೋಗ ಮಾಡಿ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿ ಉಳಿದ ಎರೆಮಣ್ಣಿನಲ್ಲಿ ಒಂದೇ ಅಳತೆಯ ಎರಡು ಉಂಡೆ ಕಟ್ಟಿ ಒಣಗಿಸಿ. ಒಂದನ್ನು ಎದೆಯೆತ್ತರದಿಂದ, ಅಂದರೆ ಸುಮಾರು 1.25 ಮೀಟರ್ ಮೇಲಿನಿಂದ, ಕಲ್ಲುಹಾಸಿನ ಮೇಲೆ ಬಿಡಿ. ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಬಂದು ಬಡಿದು, ಉಂಡೆ ಚೂರಾಗುತ್ತದೆ. ಇನ್ನೊಂದನ್ನು ಬಿಡುವ ಮೊದಲು ಇಬ್ಬರು ಗೆಳೆಯರು ಅಜ್ಜಿಯ ಹಳೇ ಸೀರೆಯನ್ನು ನೆಲದಿಂದ ಮೊಳದೆತ್ತರದಲ್ಲಿ ಜೋಲಿಯಂತೆ ಸಡಿಲವಾಗಿ ಹಿಡಿಯಲಿ. ಈ ಉಂಡೆ ಹಾಗೇ ಉಳಿಯುತ್ತದೆ! ಸೀರೆ ತಗ್ಗುತ್ತ ತಗ್ಗುತ್ತ ಅದನ್ನು ನಿಧಾನವಾಗಿ ನಿಲ್ಲಿಸಿತು. ನಿಲ್ಲುವ ಹೊತ್ತು ಹತ್ತುಪಟ್ಟು ಹೆಚ್ಚಿದರೆ ಪೆಟ್ಟಿನ ಬಲ ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ.

ಹುನಗುಂದದ ಪಕ್ಕದಲ್ಲೇ ಸೊಲ್ಲಾಪುರ–ಚಿತ್ರದುರ್ಗ ಹೆದ್ದಾರಿ ಹಾಯ್ದುಹೋಗುತ್ತದೆ. ಅಲ್ಲಿ ಬೈಕಿನವರ ತಲೆಯ ಮೇಲಿರುವ ಹೆಲ್ಮೆಟ್ಟನ್ನು ನೆನೆಯಿರಿ. ಅದರ ಒಳಗಿನ ಥರ್ಮಾಕೋಲಿನಂಥ ಪದರವೂ ಒಂದು ಜೋಲಿಯೇ. ಬಿದ್ದಾಗ ತಾನು ನುಗ್ಗಾಗಿ, ತಲೆಯನ್ನು ತುಸು ನಿಧಾನವಾಗಿ ನಿಲ್ಲಿಸುತ್ತದೆ. ಆ ತುಸು ಹೊತ್ತು ಒಂದು ಜೀವ ಉಳಿಸಬಲ್ಲದು. ನಾಳೆ ಅಪ್ಪ ಗಾಡಿ ಹತ್ತುವಾಗ ಹೆಲ್ಮೆಟ್ಟನ್ನು ನೀವೇ ಓಡಿಹೋಗಿ ತಂದುಕೊಡಿ. ಯಾಕೆ ಎಂದು ಕೇಳಿದರೆ ಮಣ್ಣುಂಡೆಯ ಕಥೆ ಹೇಳಿ.