ಅಲುಗಿದ್ದು ಕಂಡೀತು, ನಿಂತದ್ದು?

ಬೇಲಿಯ ಮೇಲಿನ ಓತಿಕ್ಯಾತ ಎಷ್ಟೋ ಹೊತ್ತು ಎದುರಿಗೇ ಇದ್ದರೂ ನಮಗೆ ಕಾಣುವುದಿಲ್ಲ. ಒಮ್ಮೆ ತಲೆಯಾಡಿಸಿತೆಂದರೆ ಥಟ್ಟನೆ ಕಣ್ಣಿಗೆ ಬೀಳುತ್ತದೆ. ಬಣ್ಣವೂ ಅದೇ, ಬೆಳಕೂ ಅದೇ; ಹೊಸದಾಗಿ ಸೇರಿದ್ದು ಚಲನೆಯೊಂದೇ. ಇದೇಕೆ ಹೀಗೆ?

ಕಣ್ಣಿನ ಹಿಂಭಾಗದಲ್ಲಿ ಅಕ್ಷಿಪಟಲವೆಂಬ ತೆಳುವಾದ ಪರದೆಯಿದೆ. ಅಕ್ಷರ ಓದುವುದಕ್ಕೆ, ಸೂಜಿಗೆ ದಾರ ಪೋಣಿಸುವುದಕ್ಕೆ ಬೇಕಾದ ಸೂಕ್ಷ್ಮದೃಷ್ಟಿ ಅದರ ನಡುವಣ ಪುಟ್ಟ ಗುಳಿಯದು. ಅಂಚಿನ ಭಾಗಕ್ಕೆ ಆ ಸೂಕ್ಷ್ಮತೆ ಇಲ್ಲ. ಅಲ್ಲಿರುವುದು ಏನೆಂದು ಅದು ಹೇಳಲಾರದು. ಏನೋ ಅಲುಗಿತೆಂದು ಮಾತ್ರ ಎಚ್ಚರಿಸುತ್ತದೆ. ಒಡನೆ ನಾವು ಅತ್ತ ಹೊರಳಿ ನೋಡುತ್ತೇವೆ.

ಕಣ್ಣಿಗೆ ಬೇಕಾದದ್ದು ಬದಲಾವಣೆ. 1952ರಲ್ಲಿ ಇಂಗ್ಲೆಂಡಿನ ಡಿಚ್‌ಬರ್ನ್ ಮತ್ತು ಗಿನ್ಸ್‌ಬೋರ್ಗ್ ಎಂಬ ವಿಜ್ಞಾನಿಗಳು, ಕಣ್ಣು ಹೊರಳಿದಂತೆ ಬಿಂಬವೂ ಹೊರಳಿ ಅಕ್ಷಿಪಟಲದ ಒಂದೇ ಸ್ಥಳದಲ್ಲಿ ನಿಲ್ಲುವ ಏರ್ಪಾಡು ಮಾಡಿದರು. ಕೆಲವೇ ಕ್ಷಣಗಳಲ್ಲಿ ನೋಟ ಮಸುಕಾಗಿ ಮಾಯವಾಯಿತು! ನಮ್ಮ ಕಣ್ಣು ಸದಾ ಸಣ್ಣಗೆ ಕಂಪಿಸುತ್ತಿರುವುದರಿಂದಲೇ ನಿಂತ ಗೋಡೆಯೂ ನಮಗೆ ಕಾಣುತ್ತಿದೆ.

ಚಲನೆಯನ್ನು ಅರಿಯುವುದಕ್ಕೆ ಮಿದುಳಿನಲ್ಲಿಯೂ ಬೇರೆಯೇ ಸ್ಥಾನವುಂಟು. ಜರ್ಮನಿಯ ವೈದ್ಯರು 1983ರಲ್ಲಿ ಒಬ್ಬ ಮಹಿಳೆಯ ಸ್ಥಿತಿಯನ್ನು ವರದಿಮಾಡಿದರು. ಮಿದುಳಿನ ಹಿಂಭಾಗಕ್ಕೆ ಹಾನಿಯಾಗಿದ್ದ ಆಕೆಗೆ ನಿಂತ ವಸ್ತುಗಳೆಲ್ಲ ಕಾಣುತ್ತಿದ್ದುವು, ಚಲನೆ ಕಾಣುತ್ತಿರಲಿಲ್ಲ. ಬಟ್ಟಲಿಗೆ ಚಹಾ ಬಗ್ಗಿಸಿದರೆ ಧಾರೆ ಹೆಪ್ಪುಗಟ್ಟಿದಂತೆ ತೋರುತ್ತಿತ್ತು. ದೂರದಲ್ಲಿದ್ದ ಕಾರು, ಆಕೆ ರಸ್ತೆ ದಾಟುವಷ್ಟರಲ್ಲಿ ತೀರ ಹತ್ತಿರ ಬಂದಿರುತ್ತಿತ್ತು.

ಕಣ್ಣು, ಮಿದುಳು ನೆಟ್ಟಗಿರುವ ನಮಗೂ ರಸ್ತೆಯಲ್ಲಿ ಒಂದು ಅಪಾಯವಿದೆ. ಅಡ್ಡಲಾಗಿ ಹಾಯುವ ಬಸ್ಸು ಸುಲಭವಾಗಿ ಕಣ್ಣಿಗೆ ಬೀಳುತ್ತದೆ. ನೇರ ನಮ್ಮ ಕಡೆಗೇ ಬರುವ ಬಸ್ಸು ಅತ್ತಿತ್ತ ಸರಿಯುವುದಿಲ್ಲ. ಗಾತ್ರದಲ್ಲಿ ಮಾತ್ರ ಹಿಗ್ಗುತ್ತದೆ. ಅದೂ ಮೊದಲು ಬಹು ನಿಧಾನವಾಗಿ. ಇನ್ನೂರು ಮೀಟರಿನಿಂದ ನೂರಕ್ಕೆ ಬಂದಾಗ ಅದು ಒಮ್ಮೆ ಇಮ್ಮಡಿಯಾಗಿ ಕಂಡರೆ, ನೂರರಿಂದ ಐವತ್ತಕ್ಕೆ ಬರುವಷ್ಟರಲ್ಲೇ ಮತ್ತೊಮ್ಮೆ ಇಮ್ಮಡಿ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಆ ನೂರು ಮೀಟರ್ ಕೇವಲ ಆರು ಸೆಕೆಂಡಿನ ದಾರಿ. ಹತ್ತಿರವಾಯಿತೆಂದು ನಮಗೆ ತಿಳಿಯುವ ಹೊತ್ತಿಗೆ ಹಿಂದೆ ಸರಿಯಲು ವ್ಯವಧಾನವಿರುವುದಿಲ್ಲ.

ಆದ್ದರಿಂದ ರಸ್ತೆಯಂಚಿನಲ್ಲಿ ಕುಡಿಗಣ್ಣಿನ ನೋಟವನ್ನು ನಂಬಬಾರದು. ಮಕ್ಕಳ ಕೈಹಿಡಿದು ನಿಲ್ಲಿ. ಮುಖವನ್ನೇ ತಿರುಗಿಸಿ ಎರಡು ಕಡೆಯೂ ನೋಡಿ. ದೂರದ ವಾಹನ ನಿಂತಂತೆ ಕಂಡರೆ, ಎರಡು ಮೂರು ಸೆಕೆಂಡು ದಿಟ್ಟಿಸಿ. ದೊಡ್ಡದಾಗುತ್ತಿದ್ದರೆ, ಅದು ನಿಂತಿಲ್ಲ, ಬರುತ್ತಿದೆ. ಅದು ಹೋದ ಮೇಲೆಯೇ ದಾಟಿ.